ಎಂಟಕ್ಕೆ ಅಂದ್ರೆ ಎಂಟಕ್ಕೇ ಪರದೆ ಏಳಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಸಲದ ಸುಗ್ಗಿ ಮುಗಿದ ಮೇಲೆ ನಮ್ಮ ಊರೂರಲ್ಲಿ ಆಡೋ ನಾಟಕಗಳ ಬಗ್ಗೆ ಮಾತಾಡ್ರಿ ಅಂತ ಬಾನುಲಿಯವರು ಕರೆದಿದ್ದಾರೆ. ನಾನು ಹಳ್ಳಿ ನಾಟಕ ಕಲಿಸೋ ಮಾಸ್ತರ. ಹಾರ್ಮೋನಿಯಂ ಪೆಟ್ಟಿಗೆ ತಗೊಂಡು ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು ಅಂತ ತಿರುಗೋದೇ ನನ್ನ ಕಸುಬು. ಏನೇನು ನಾಟಕ ಬರ್ತಾವೆ ಅನ್ನೋದನ್ನ ಹೇಳ್ತೀನಿ. ಅದಕ್ಕೂ ಮೊದಲು ಒಂದು ಮಾತು. ಇವತ್ತು ನಾನು ಹೇಳಿದ್ದರಲ್ಲಿ ಬೇರೆ ಎಲ್ಲ ಮರೆತರೂ ನಡೀತದೆ, ಇದೊಂದು ಮರೀಬ್ಯಾಡ್ರಿ. ಹ್ಯಾಂಡ್‌ಬಿಲ್ಲಿನಲ್ಲಿ ರಾತ್ರಿ ಎಂಟು ಗಂಟೆ ಅಂತ ಹಾಕಿಸಿದ್ರೆ ಎಂಟಕ್ಕೇ ಪರದೆ ಏಳಬೇಕು. ಎಂಟೂವರೆಗಲ್ಲ, ಹತ್ತಕ್ಕಲ್ಲ, ಸಾಹೇಬ್ರು ಬಂದ ಮೇಲಲ್ಲ. ಎಂಟಕ್ಕೆ.

ಭಾರತ ಹುಣ್ಣಿಮೆ ಕಳೀತು ಅಂದ್ರೆ ನಮ್ಮ ಕಡೆ ನಾಟಕದ ಕಾಲ. ಜೋಳ, ಕಡ್ಲಿ ಮನೆಗೆ ಬಂದಿರ್ತಾವೆ, ಮೆಣಸಿನಕಾಯಿ ಚೀಲ ಬ್ಯಾಡಗಿ ಮಾರ್ಕೆಟ್ಟಿಗೆ ಹೋಗಿರ್ತಾವೆ, ಹುಡುಗರ ಕೈಯಲ್ಲಿ ನಾಲ್ಕು ಕಾಸು ಇರ್ತದೆ. ಶಿವರಾತ್ರಿ, ಹೋಳಿ, ಯುಗಾದಿ, ಬಸವ ಜಯಂತಿ. ಊರಿಗೊಂದು ತೇರು, ತೇರು ಎಳೆದ ರಾತ್ರಿನೋ ಮಾರನೇ ರಾತ್ರಿನೋ ಒಂದು ನಾಟಕ. ಈಗಲೇ ನೀವು ಊಟ ಮಾಡಿ ಹನುಮಪ್ಪನ ಗುಡಿ ಕಡೆ ಹೋಗಿ ನೋಡ್ರಿ, ತಾಲೀಮು ನಡೆದಿರ್ತದೆ. ಟ್ರ್ಯಾಕ್ಟರ್ ಹೊಡೆಯೋ ಹುಡುಗ ಎಣ್ಣೆ ಕಲೆ ಬಿದ್ದ ನೋಟ್‌ಬುಕ್ಕಿನಲ್ಲಿ ತನ್ನ ಪಾರ್ಟು ಬರೆದುಕೊಂಡು ಕೂತಿರ್ತಾನೆ. ಪಂಚಾಯ್ತಿಯ ಪ್ಲಾಸ್ಟಿಕ್ ಕುರ್ಚಿನೇ ಹಸ್ತಿನಾವತಿಯ ಸಿಂಹಾಸನ. ಕಿರಾಣಿ ಅಂಗಡಿಯವ ದುರ್ಯೋಧನ. ಹಗಲು ಉದ್ರಿ ಕೇಳಿದವರ ಮೇಲೆ ಕೂಗಿ ಕೂಗಿ ಅವನ ಗಂಟಲು ಒಳ್ಳೆ ಸಾಧನೆ ಆಗಿರ್ತದೆ!

ಯಾವ ನಾಟಕ ಅಂತೀರಾ? ಪೌರಾಣಿಕ ಆದ್ರೆ ಹತ್ತರಲ್ಲಿ ನಾಲ್ಕು ಊರು ರಕ್ತರಾತ್ರಿನೇ ಕೇಳ್ತಾರೆ. ಕಂದಗಲ್ಲ ಹನುಮಂತರಾಯರು ಬರೆದದ್ದು. ಕುರುಕ್ಷೇತ್ರ ಯುದ್ಧದ ಕೊನೆಯ ಕತ್ತಲೆ, ಅಶ್ವತ್ಥಾಮ, ಶಕುನಿ. ಶಕುನಿ ಪಾರ್ಟು ಸಿಕ್ಕವನಿಗೆ ಊರಲ್ಲಿ ವರ್ಷಗಟ್ಟಲೆ ಅದೇ ಹೆಸರು ಉಳೀತದೆ. ಮಾತು ಉದ್ದ, ಉಸಿರು ಗಟ್ಟಿ ಇರಬೇಕು. ಅಲ್ಪಪ್ರಾಣ, ಮಹಾಪ್ರಾಣ ತಪ್ಪಿದ್ರೆ ಹಿಂದೆ ಕೂತ ಹಳಬರು ಬಿಡೋದಿಲ್ಲ. ಸಾಮಾಜಿಕ ಆದ್ರೆ ಹೆಸರು ಯಾವುದೇ ಇರಲಿ, ನಡುವೆ ಒಂದು ‘ಅರ್ಥಾತ್’ ಇರ್ತದೆ. ಒಳಗೆ ಒಬ್ಬ ದುಷ್ಟ ಗೌಡ, ಒಬ್ಬ ಬಡವ ಅಣ್ಣ, ಒಬ್ಬಳು ತಂಗಿ, ಒಂದು ಹಾಸ್ಯದ ಜೋಡಿ, ಕಡೇ ಸೀನಿಗೆ ಒಬ್ಬ ಇನ್‌ಸ್ಪೆಕ್ಟರು. ಪಟ್ಟಣದ ಕೆಲವರು ಇದನ್ನ ಕಂಡು ಮೂಗು ಮುರೀತಾರೆ. ಮುರೀಲಿ. ತಂಗಿ ಅತ್ತಾಗ ಮೂರು ಸಾವಿರ ಜನ ಒಟ್ಟಿಗೆ ಸೆರಗಲ್ಲಿ ಕಣ್ಣು ಒರೆಸಿಕೊಳ್ಳೋದನ್ನ ಅವರು ನೋಡಿಲ್ಲ.

ಇದು ಹವ್ಯಾಸದ ಆಟ, ಕಂಪನಿ ಅಲ್ಲ, ಹೊಟ್ಟೆಪಾಡಲ್ಲ, ಹೆಚ್ಚುಕಡಿಮೆ ಆದ್ರೆ ಏನಂತೆ ಅಂತ ನನಗೆ ಹೇಳೋರಿದ್ದಾರೆ. ಹವ್ಯಾಸ ಅಂದ್ರೆ ಏನು ಅಂತ ಬಳ್ಳಾರಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಧರ್ಮವರಂ ರಾಮಕೃಷ್ಣಮಾಚಾರ್ಯರು ಈ ಊರಲ್ಲಿ ಸರಸ ವಿನೋದಿನಿ ಸಭಾ ಕಟ್ಟಿದ್ರು. ಕೋಲಾಚಲಂ ಶ್ರೀನಿವಾಸರಾಯರು ಸುಮನೋರಮಾ ಸಭಾ ನಡೆಸಿದ್ರು. ಧರ್ಮವರಂ ಅವರ ಅಳಿಯನೇ, ಅಂದ್ರೆ ಸೋದರಿಯ ಮಗನೇ, ನಮ್ಮ ಬಳ್ಳಾರಿ ರಾಘವರು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡವರು. ಮೂವರೂ ವಕೀಲರು ಕಣ್ರಿ! ಹಗಲು ಕೋರ್ಟಿನ ಕರಿ ಕೋಟು, ರಾತ್ರಿ ಬಣ್ಣ. ರಾಘವರು ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಅಭಿನಯಿಸಿದ್ರು. ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡಬೇಕು ಅಂತ ಆ ಕಾಲದಲ್ಲೇ ಹಟ ಹಿಡಿದ್ರು. ಅವರ ಹೆಸರಿನ ಕಲಾಮಂದಿರ ಊರ ನಡುವೆ ನಿಂತಿದೆ. ಹೊಟ್ಟೆಪಾಡಿಗೆ ಬೇರೆ ಕಸುಬು ಇಟ್ಟುಕೊಂಡವರೇ ರಂಗಭೂಮಿಯನ್ನ ಇಷ್ಟು ಎತ್ತರಕ್ಕೆ ಒಯ್ದ ಜಿಲ್ಲೆ ಇದು. ಇಲ್ಲಿ ‘ಹವ್ಯಾಸ ತಾನೇ’ ಅನ್ನೋ ಮಾತು ನಡೆಯೋದಿಲ್ಲ. ಎಂಟಕ್ಕೆ ಅಂದ್ರೆ ಎಂಟಕ್ಕೆ.

ತಡ ಆದ್ರೆ ಏನಾಗ್ತದೆ ಅನ್ನೋದಕ್ಕೆ ಒಂದು ಪ್ರಸಂಗ ಹೇಳ್ತೀನಿ. ಸಿರುಗುಪ್ಪ ತಾಲೂಕಿನಲ್ಲಿ ಕಾಲುವೆ ಕೊನೆಯ ಒಂದು ಊರು. ಹೆಸರು ಬ್ಯಾಡ, ಅವರೂ ಕೇಳ್ತಾ ಇರ್ತಾರೆ. ಸಾಮಾಜಿಕ ನಾಟಕ. ಇನ್‌ಸ್ಪೆಕ್ಟರ್ ಪಾರ್ಟು ಮಾಡಿದವ ಎರಡೂವರೆ ಎಕರೆ ಗದ್ದೆಯ ರೈತ. ಕಟ್ಟುಮಸ್ತಾದ ಆಳು, ಒಳ್ಳೆ ಮೀಸೆ. ಬೇಸಿಗೆ ಭತ್ತ ತೆನೆ ಕಟ್ಟೋ ಹೊತ್ತು. ಆ ಕಡೆಯವರಿಗೆ ಗೊತ್ತು, ಆಗ ನೀರು ತಪ್ಪಿದ್ರೆ ಬರೀ ಜೊಳ್ಳು. ಅವನ ನೀರಿನ ಪಾಳಿ ಬೆಳಗಿನ ಜಾವ ಮೂರು ಗಂಟೆಗೆ. ನಾನು ಲೆಕ್ಕ ಹಾಕಿದ್ದೆ: ಎಂಟಕ್ಕೆ ಶುರುವಾದ್ರೆ ಹನ್ನೆರಡೂವರೆಗೆ ಇನ್‌ಸ್ಪೆಕ್ಟರ್ ಸೀನು, ಒಂದಕ್ಕೆ ಮಂಗಳ, ಅವ ಬಣ್ಣ ಒರೆಸಿಕೊಂಡು, ಎರಡು ರೊಟ್ಟಿ ತಿಂದು ಆರಾಮಾಗಿ ಗದ್ದೆಗೆ ಹೋಗಬಹುದು.

ಎಲ್ಲಿಯ ಎಂಟು! ಒಂಬತ್ತಕ್ಕೆ ಜ್ಯೋತಿ ಬೆಳಗಿಸಿದ್ರು. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಬರೀ ಅತಿಥಿಗಳು. ಸನ್ಮಾನದ ಶಾಲುಗಳದ್ದೇ ಒಂದು ಗಂಟು. ಒಬ್ಬೊಬ್ಬರೂ ‘ನಾಟಕ ನೋಡೋಕೆ ನೀವೆಲ್ಲ ಕಾತರದಿಂದ ಕಾಯ್ತಿದ್ದೀರಿ, ಎರಡೇ ಮಾತು’ ಅಂತ ಶುರು ಮಾಡೋರು, ಅರ್ಧ ತಾಸು ಮಾತಾಡೋರು. ಪರದೆ ಎದ್ದದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ. ಅದರ ಮೇಲೆ ಸೀನಿಗೊಮ್ಮೆ ಆಯೇರಿ. ‘ಇಂಥವರ ಕಡೆಯಿಂದ ಕಥಾನಾಯಕನಿಗೆ ನೂರಾ ಒಂದು ರೂಪಾಯಿ’ ಅಂತ ಮೈಕಿನಲ್ಲಿ ಕೂಗೋದು, ಸಾಯ್ತಾ ಬಿದ್ದಿರೋ ಕಥಾನಾಯಕ ಎದ್ದು ಕೂತು ಕೈ ಮುಗಿಯೋದು, ಮತ್ತೆ ಮಲಗಿ ಸಾಯೋದು.

ಮೂರು ಹೊಡೀತು. ನಮ್ಮ ಇನ್‌ಸ್ಪೆಕ್ಟರು ಖಾಕಿ ಹಾಕಿಕೊಂಡು, ಟೊಪ್ಪಿಗೆ ಇಟ್ಟುಕೊಂಡು, ಲಾಠಿ ಹಿಡಿದು ಪರದೆ ಹಿಂದೆ ಅತ್ತಿಂದಿತ್ತ ಓಡಾಡ್ತಾ ಇದ್ದಾನೆ. ಅಷ್ಟೊತ್ತಿಗೆ ಅವನ ಹೆಂಡತಿ ತಮ್ಮ ಓಡಿಬಂದ. ‘ಮಾವಾ, ಮ್ಯಾಲಿನೋರು ಮರಳಿನ ಚೀಲ ಒಡ್ಡಿ ನೀರು ತಿರುವ್ಯಾರೋ, ನಮ್ಮ ತೂಬಿಗೆ ಹನಿ ಇಲ್ಲ!’ ಇವ ನನ್ನ ಮುಖ ನೋಡಿದ. ನಾನು ಪೆಟ್ಟಿಗೆ ಮೇಲೆ ಕೈ ಇಟ್ಟುಕೊಂಡೇ ತಲೆ ಅಲ್ಲಾಡಿಸಿದೆ, ಬ್ಯಾಡ ಅಂತ. ಕೇಳ್ತಾನಾ? ಭತ್ತ ಅವನದ್ದು. ವೇಷದಲ್ಲೇ ಬೈಕ್ ಹತ್ತಿದ, ಹೋದ.

ಇತ್ತ ಸ್ಟೇಜಿನ ಮೇಲೆ ಗೌಡ ತಂಗಿಯ ಕೈ ಹಿಡಿದು ಎಳೀತಾ ಇದ್ದಾನೆ. ‘ನಿನ್ನನ್ನು ಕಾಪಾಡುವವರು ಯಾರಿದ್ದಾರೆ?’ ಅಂತ ಗರ್ಜಿಸ್ತಾನೆ. ಆಗ ‘ನಾನಿದ್ದೇನೆ!’ ಅಂತ ಇನ್‌ಸ್ಪೆಕ್ಟರ್ ನುಗ್ಗಬೇಕು. ಯಾರೂ ಇಲ್ಲ. ಗೌಡ ಮತ್ತೆ ಕೇಳಿದ. ಮೂರನೇ ಸಲ ಕೇಳಿದ. ನಾನು ಪೆಟ್ಟಿಗೆ ಒತ್ತಿದೆ, ತಬಲಾದವನಿಗೆ ಸನ್ನೆ ಮಾಡಿದೆ, ಹಾಸ್ಯದ ಜೋಡಿಯನ್ನ ಒಳಗಿಂದ ದಬ್ಬಿದ್ವಿ. ಅವರು ಹಿಂದಿನ ಸೀನಿನ ಹಾಡನ್ನೇ ಮತ್ತೆ ಹಾಡಿದ್ರು. ಹಾಡು ಮುಗೀತು. ಗೌಡ ಪಾಪ, ಪಾರ್ಟು ಬಿಟ್ಟು ತನ್ನ ಸ್ವಂತ ಮಾತಲ್ಲಿ, ‘ಪೊಲೀಸರು ಇನ್ನೂ ಯಾಕ ಬರಲಿಲ್ಲ?’ ಅಂದ. ಮುಂದೆ ಕೂತ ಒಬ್ಬ ಮುದುಕಿ, ‘ಕಾಲುವಿ ಕಡೆ ಹ್ವಾದ್ರಪ್ಪ, ನಾನೇ ನೋಡೀನಿ’ ಅಂದ್ಲು!

ಕಾಲುವೆಯಲ್ಲಿ ಆದದ್ದು ಆಮೇಲೆ ಗೊತ್ತಾಯ್ತು. ಏರಿ ಮೇಲೆ ಬೈಕ್ ಲೈಟು ಬಿತ್ತು, ಲೈಟಿನ ಹಿಂದೆ ಖಾಕಿ, ಟೊಪ್ಪಿಗೆ, ಲಾಠಿ. ನೀರು ತಿರುವಿದವರು ಸಲಿಕೆ ಬಿಟ್ಟು, ಚಪ್ಪಲಿ ಬಿಟ್ಟು, ಬದು ಹಾರಿ ಓಡಿದ್ರು. ಇವ ಚೀಲ ಕಿತ್ತು ಎಸೆದ. ಕೊನೆಯ ಗದ್ದೆ ತನಕ ನೀರು ಹರೀತು. ಮೊಣಕಾಲ ತನಕ ಕೆಸರು ಮೆತ್ತಿಕೊಂಡು ವಾಪಸ್ ಬಂದು ಸ್ಟೇಜ್ ಹತ್ತೋ ಹೊತ್ತಿಗೆ ಕೋಳಿ ಕೂಗಿತ್ತು. ‘ನಾನಿದ್ದೇನೆ’ ಅಂದ. ಯಾರಿಗೆ? ತಂಗಿ ಪಾರ್ಟಿನ ಕಲಾವಿದೆ ಐದೂವರೆ ಬಸ್ಸಿಗೆ ಹೋಗಿಯಾಗಿತ್ತು, ಅವರಿಗೆ ಅವತ್ತೇ ರಾತ್ರಿ ಮಾನ್ವಿ ಕಡೆ ಇನ್ನೊಂದು ನಾಟಕ. ಗೌಡ ಕುರ್ಚಿ ಮೇಲೆ ಕೂತು ಚಾ ಕುಡೀತಾ ಇದ್ದ. ಮುಂದೆ ಚಾಪೆ, ಚಾಪೆ ಮೇಲೆ ಮಲಗಿದ ಮಕ್ಕಳು.

ಈ ಕಥೆ ಹೇಳಿದಾಗೆಲ್ಲ ಜನ ಬಿದ್ದು ಬಿದ್ದು ನಗ್ತಾರೆ. ನಗ್ರಿ. ಆದ್ರೆ ಎರಡು ತಿಂಗಳು ನಿದ್ದೆಗೆಟ್ಟು ಕಲಿತ ಕಡೇ ಅಂಕವನ್ನ ಅವತ್ತು ಒಬ್ಬರೂ ನೋಡಲಿಲ್ಲ. ಶಾಲು ಹೊದ್ದುಕೊಂಡವರಂತೂ ಶಾಲು ಹೊದ್ದ ಹತ್ತು ನಿಮಿಷಕ್ಕೇ ಕಾರು ಹತ್ತಿದ್ರು. ಸನ್ಮಾನ ಮಾಡ್ರಿ, ಬ್ಯಾಡ ಅನ್ನೋದಿಲ್ಲ. ಹಗಲು ಮಾಡ್ರಿ, ತೇರಿನ ಮುಂದೆ ಮಾಡ್ರಿ, ಮಾರನೇ ದಿನ ಊಟಕ್ಕೆ ಕರೆದು ಮಾಡ್ರಿ. ಆಯೇರಿ ಎಲ್ಲ ಒಂದು ಚೀಟಿಯಲ್ಲಿ ಬರೆದು ನಡುವೆ ಒಂದೇ ಸಲ ಓದ್ರಿ. ಇನ್ನೊಂದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಹಚ್ಚಬಾರದು ಅಂತ 2000ನೇ ಇಸವಿಯಿಂದ ನಿಯಮವೇ ಇದೆ, ಹಬ್ಬಗಳಿಗೆ ಕೆಲವು ದಿನ ಸರ್ಕಾರ ಹನ್ನೆರಡರ ತನಕ ಸಡಿಲ ಮಾಡಬಹುದು, ಅಷ್ಟೇ. ಹಾಗಿದ್ದ ಮೇಲೆ ಮೈಕಿನ ಒಳ್ಳೇ ಹೊತ್ತನ್ನೆಲ್ಲ ಭಾಷಣಕ್ಕೆ ಕೊಟ್ಟು, ನಾಟಕಕ್ಕೆ ಪೊಲೀಸರ ಕೈಕಾಲು ಹಿಡಿಯೋದು ಯಾವ ಲೆಕ್ಕ?

ಬಸ್ಸಿಗೆ ಹೋದ ಆ ಕಲಾವಿದೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಹಳ್ಳಿ ನಾಟಕಕ್ಕೆ ಸ್ತ್ರೀ ಪಾತ್ರದವರು ಬಳ್ಳಾರಿಯಿಂದ, ಮರಿಯಮ್ಮನಹಳ್ಳಿಯಿಂದ, ಇಳಕಲ್, ಗದಗ ಕಡೆಯಿಂದ ಬರ್ತಾರೆ. 2020ರಲ್ಲಿ ನಮ್ಮನ್ನ ಅಗಲಿದ ಸುಭದ್ರಮ್ಮ ಮನ್ಸೂರ್ ಇದ್ದ ಊರು ನಮ್ಮದು. ಕೆ. ನಾಗರತ್ನಮ್ಮ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿ, ಇವರೆಲ್ಲ ಮರಿಯಮ್ಮನಹಳ್ಳಿ ನೆಲದಲ್ಲಿ ಬಣ್ಣ ಹಚ್ಚಿದವರು. ಅಂಥ ಪರಂಪರೆಯ ಹೆಣ್ಣುಮಕ್ಕಳನ್ನ ಏಳಕ್ಕೆ ಬಣ್ಣ ಹಚ್ಚಿಸಿ, ಹನ್ನೆರಡರ ತನಕ ಶಾಲೆಯ ಒಂದು ಕೋಣೆಯಲ್ಲಿ ಕೂರಿಸ್ತೀರಿ. ಆ ಕೋಣೆಗೆ ಚಿಲಕ ಇರೋದಿಲ್ಲ, ಕಿಟಕಿಯಲ್ಲಿ ಇಣುಕೋ ಹುಡುಗರು, ಪಾಯಖಾನೆಗೆ ಬೀಗ. ಚಿಲಕ ಹಾಕಿಸ್ರಿ, ಬೀಗ ತೆಗೆಸ್ರಿ, ಮಾತಾಡಿದ ಸಂಭಾವನೆ ಬಣ್ಣ ಹಚ್ಚೋಕೆ ಮೊದಲೇ ಕೈಗೆ ಕೊಡ್ರಿ.

ಗಾಜಿನ ಆಚೆಯಿಂದ ಗಡಿಯಾರ ತೋರಿಸ್ತಾ ಇದ್ದಾರೆ. ಆಯ್ತು ಸರ್, ಆಯ್ತು.

ಬಯಲಾಟದವರು ಕೇಳ್ತಾರೆ, ‘ಮಾಸ್ತರೇ, ನಮ್ಮದು ಬೆಳಕು ಹರಿಯೋ ತನಕ ಆಟ, ನಮಗೂ ಎಂಟೇನಾ?’ ಹೌದ್ರಿ, ನಿಮಗೂ ಎಂಟೇ. ಮುಗಿಯೋದು ಯಾವಾಗಲಾದ್ರೂ ಮುಗೀಲಿ, ಗಣಪತಿ ಸ್ತುತಿ ಹೊತ್ತಿಗೆ ಸರಿಯಾಗಿ ಆಗಲಿ. ಬಯಲಾಟ ನೋಡದ ಹುಡುಗರಿಗೆ ಒಂದು ಮಾತು: ಕಿರೀಟ, ಭುಜಕೀರ್ತಿ ಕಟ್ಟಿಕೊಂಡ ರಾಜ ಮೊದಲ ಸಲ ಕುಣಿದು ಬರೋವಾಗ ಅಟ್ಟದ ಹಲಗೆ ಹತ್ತಿರ ಕೂತ್ಕೊಳ್ರಿ, ಹಿಂದೆ ನಿಲ್ಲಬ್ಯಾಡ್ರಿ.

ಕೊಪ್ಪಳದವರು ತೊಗಲುಗೊಂಬೆ ಆಟಕ್ಕೆ ಮಕ್ಕಳನ್ನ ಕರೆದುಕೊಂಡು ಹೋಗ್ರಿ. ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಪೇಪರಿನಲ್ಲಿ ಫೋಟೋ ನೋಡಿ ಸುಮ್ಮನಾದವರೇ ಬಹಳ. ಪಟ್ಟಣದಲ್ಲಿ ಇರೋರಿಗೆ ಬಳ್ಳಾರಿಯಲ್ಲಿ ರಾಘವ ಕಲಾಮಂದಿರ, ಜೋಳದರಾಶಿ ದೊಡ್ಡನಗೌಡ ರಂಗಮಂದಿರ, ರಾಯಚೂರಿನಲ್ಲಿ ಸಿದ್ದರಾಮ ಜಂಬಲದಿನ್ನಿ ರಂಗಮಂದಿರ ಇವೆ. ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಲ್ಲಿ ನಾಟಕ ಆಡ್ತಾ ರಾಜ್ಯ ಸುತ್ತೋ ತಂಡಗಳು. ನಿಮ್ಮ ಊರಿಗೆ ಬಂದಾಗ ನಮ್ಮ ಸಂಘದ ಹುಡುಗರು ತಪ್ಪದೇ ಹೋಗಬೇಕು. ನಟನೆ ನೋಡೋಕೆ ಮಾತ್ರ ಅಲ್ಲ, ಮೂರನೇ ಬೆಲ್ಲು ಆದ ಮೇಲೆ ಏನಾಗ್ತದೆ ಅನ್ನೋದನ್ನ ನೋಡೋಕೆ.

ಕಡೆಗೆ ಸಂಘದ ಅಧ್ಯಕ್ಷರುಗಳಿಗೆ. ಈ ವಾರ ಹ್ಯಾಂಡ್‌ಬಿಲ್ ಪ್ರೆಸ್ಸಿಗೆ ಕೊಡ್ತೀರಿ ಅಲ್ಲೇನ್ರಿ? ಮೇಲೆ ದೇವರ ಹೆಸರು, ನಡುವೆ ನಾಟಕದ ಹೆಸರು, ಕೆಳಗೆ ‘ಸರಿಯಾಗಿ ರಾತ್ರಿ ಎಂಟು ಗಂಟೆಗೆ’ ಅಂತ ದಪ್ಪ ಅಕ್ಷರದಲ್ಲಿ ಹಾಕಿಸ್ರಿ. ಗಣ್ಯರ ಫೋಟೋಗಳಿಗೆ ಜಾಗ ಸಾಲದಿದ್ರೆ ನಾಲ್ಕು ಫೋಟೋ ಕಡಿಮೆ ಮಾಡ್ರಿ, ಪಾತ್ರಧಾರಿಗಳ ಹೆಸರು ಮಾತ್ರ ಒಂದೂ ಬಿಡಬ್ಯಾಡ್ರಿ, ತಬಲಾದವನ ಹೆಸರೂ ಸೇರಿ. ನೋಡೋಕೆ ಬರೋರು ಏಳೂವರೆಗೇ ಊಟ ಮುಗಿಸಿ ಚಾಪೆ ಹಿಡಿದುಕೊಂಡು ಬರ್ರಿ. ನಮಸ್ಕಾರ.