ಎರಡು ಹೆಜ್ಜೆ ಹಿಂದಕ್ಕೆ ಹೋಗ್ರಿ

ಎಲ್ಲರಿಗೂ ನಮಸ್ಕಾರ. ಆಯುಧಪೂಜೆಗೆ ಕ್ಯಾಮೆರಾಕ್ಕೆ ಕುಂಕುಮ ಇಡೋ ನಾವು ಫೋಟೋಗ್ರಾಫರ್‌ಗಳು, ಆಗಸ್ಟ್ 19ಕ್ಕೆ, ಅಂದ್ರೆ ವಿಶ್ವ ಛಾಯಾಗ್ರಹಣ ದಿನಕ್ಕೆ, ಭಾಷಣ ಇಟ್ಕೊಳ್ತೀವಿ. 1839ರಲ್ಲಿ ಇದೇ ದಿನ ಪ್ಯಾರಿಸ್‌ನಲ್ಲಿ ಡಾಗೇರ್ ಅವರ ಫೋಟೋ ತೆಗೆಯೋ ವಿಧಾನ ಬಹಿರಂಗ ಆಯ್ತು, ನಿಮಗೆ ಗೊತ್ತಿರೋದೇ. ಆ ಕಾಲದಲ್ಲಿ ಒಂದು ಫೋಟೋಕ್ಕೆ ಬಹಳ ಹೊತ್ತು ಬೇಕಿತ್ತು, ಅದಕ್ಕೆ ಸ್ಟುಡಿಯೋಗಳಲ್ಲಿ ಕೂತವರ ತಲೆ ಅಲುಗದಂಗೆ ಹಿಂದಿನಿಂದ ಕಬ್ಬಿಣದ ಆಸರೆ ಕೊಡ್ತಿದ್ರು. ಈಗ 1/200 ಸೆಕೆಂಡಿಗೆ ಕೆಲಸ ಮುಗೀತದೆ. ಆದ್ರೂ ನಮ್ಮ ಮದುವೆ ಸ್ಟೇಜ್ ಮೇಲೆ ನಿಂತವರನ್ನ ನೋಡ್ರಿ, ಆ ಕಬ್ಬಿಣ ಇನ್ನೂ ಕತ್ತಿನ ಹಿಂದೆ ಇದ್ದಂಗೇ ಇರ್ತಾರೆ!

ಯಾವ ಲೆನ್ಸ್ ತಗೋಬೇಕು ಅಂತ ಹೇಳಿ ಅಂದ್ರು ಸಂಘದವರು. ಹೇಳ್ತೀನಿ. ಮೊದಲು ಒಂದು ಅಜ್ಜಿ ಕಥೆ.

ಇಲ್ಲೇ ನಮ್ಮೂರ ಮಂಡಕ್ಕಿ ಭಟ್ಟಿಯೊಂದಕ್ಕೆ ಹೋಗಿದ್ದೆ. ಮಧ್ಯಾಹ್ನ ಹನ್ನೆರಡರ ಬಿಸಿಲು. ಅಂಗಳದಲ್ಲಿ ಜರಡಿ ಹಿಡೀತಿದ್ದ ಅಜ್ಜಿ. ನೆತ್ತಿ ಮೇಲಿನ ಬಿಸಿಲಿಗೆ ಅವರ ಕಣ್ಣಿದ್ದ ಜಾಗದಲ್ಲಿ ಎರಡು ಕಪ್ಪು ಗುಳಿ. ಸರಿ, ಹತ್ತಿರ ಹೋದ್ರೆ ಕಣ್ಣು ಕಾಣಬಹುದು ಅಂತ ಮೊಬೈಲ್ ತೆಗೆದು ಮುಖಕ್ಕೆ ಒಂದಡಿಯಲ್ಲಿ ಹಿಡಿದೆ. ಅಜ್ಜಿ ನೋಡಿದ್ರು. "ಏನಪ್ಪಾ ಇದು, ನನ್ನ ಮೂಗು ಬದ್ನೆಕಾಯಿ ಆಗೈತಲ್ಲ!"

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಮೂಗು ಕಿವಿಗಿಂತ ನಾಲ್ಕೈದು ಇಂಚು ಮುಂದಿರ್ತದೆ. ಒಂದಡಿ ದೂರದಲ್ಲಿ ನಿಂತವನಿಗೆ ಆ ನಾಲ್ಕೈದು ಇಂಚು ಬಹಳ ದೊಡ್ಡದು. ಐದಾರು ಅಡಿಯಲ್ಲಿ ನಿಂತವನಿಗೆ ಅದು ಲೆಕ್ಕಕ್ಕೇ ಬರಲ್ಲ. ತಪ್ಪು ಲೆನ್ಸಿನದಲ್ಲ, ನಿಂತ ಜಾಗದ್ದು. ದೂರದ್ದನ್ನ ಹತ್ತಿರ ತೋರಿಸೋ 85 ಎಂಎಂ ಲೆನ್ಸಿಗೆ ಪೋರ್ಟ್ರೇಟ್ ಲೆನ್ಸ್, ಅಂದ್ರೆ ಮುಖ ತೆಗೆಯೋ ಲೆನ್ಸ್ ಅಂತ ಹೆಸರು ಬಂದಿದ್ದೇ ಅದು ನಮ್ಮನ್ನ ಹಿಂದಕ್ಕೆ ತಳ್ಳೋದ್ರಿಂದ. ಅದನ್ನ ಕೊಳ್ಳೋಕೆ ದುಡ್ಡಿಲ್ವಾ? ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಜೂಮ್ ಮಾಡ್ರಿ. ಹೆಜ್ಜೆಗೆ ಇಎಂಐ ಇಲ್ಲ.

ಆಮೇಲೆ ಅಜ್ಜಿಯನ್ನ ಭಟ್ಟಿಯ ಬಾಗಿಲೊಳಗೆ, ಹೊಸ್ತಿಲಿಂದ ಒಂದು ಮೊಳ ಹಿಂದೆ, ಚೀಲದ ಮೇಲೆ ಕೂರಿಸಿದೆ. ಅಂಗಳದ ಬಿಸಿಲು ನೆಲಕ್ಕೆ ಬಡಿದು ಮೆತ್ತಗಾಗಿ ಒಳಗೆ ಬರ್ತಿತ್ತು, ಹಿಂದೆ ಮಸಿ ಹಿಡಿದ ಕಪ್ಪು ಗೋಡೆ. ಎರಡೂ ಕಣ್ಣಲ್ಲಿ ಬಾಗಿಲು ಮಂಡಕ್ಕಿ ಕಾಳಿನಷ್ಟು ಹೊಳೀತಿತ್ತು. "ನಗಜ್ಜಿ" ಅನ್ನಲಿಲ್ಲ. "ಅಕ್ಕಿ ಅರಳಿದ್ದು ಹೆಂಗೆ ಗೊತ್ತಾಗ್ತದೆ?" ಅಂದೆ. "ಮರಳಿನ ಸದ್ದು ಬದಲಾಗ್ತೈತಪ್ಪಾ" ಅಂತ ಕಿವಿ ಹತ್ತಿರ ಕೈ ತಂದ್ರು. ಹುಬ್ಬಿನ ಮೇಲೆ ಬಿಳೀ ಹೊಟ್ಟು. ಆಗ ಒತ್ತಿದೆ. ಆರಡಿ ದೂರದಿಂದ, ಮತ್ತೆ ಹೇಳ್ತಿದ್ದೀನಿ!

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷ ಅಂತೆ. ಫ್ಲ್ಯಾಶ್ ವಿಷಯ ಬಿಡ್ತೀನಿ. ಫೋಕಸ್ ಯಾವಾಗ್ಲೂ ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿಗೆ. ಲೆನ್ಸಿನ ಕಿಂಡಿ ಅಗಲ ತೆರೆದು, ಅಂದ್ರೆ ಎಫ್ 1.8 ಇಟ್ಟು, ಹತ್ತಿರದಿಂದ ತೆಗೆದ್ರೆ ಒಂದು ಕಣ್ಣು ಚೊಕ್ಕ, ಇನ್ನೊಂದು ಮಬ್ಬು. ಕಿಂಡಿ ಕಿರಿದು ಮಾಡಿ ಎಫ್ 4ಕ್ಕೆ ತನ್ನಿ. ಮುಖಕ್ಕೆ ಬೆಳಕು ತಿರುಗಿಸೋ ರಿಫ್ಲೆಕ್ಟರ್ ಇಲ್ದಿದ್ರೆ ಥರ್ಮಾಕೋಲ್ ಸಾಕು, ಬಿಳೀ ಪಂಚೆನೂ ಆಗ್ತದೆ, ಉಟ್ಟಿದ್ದನ್ನ ಬಿಚ್ಚಬೇಡ್ರಿ ಮತ್ತೆ. ಭಾನುವಾರ ದುರ್ಗದ ಕೋಟೆಗೆ ಹೊರಟವರು ಬಂಡೆ ಮೇಲೆ ಯಾರನ್ನೂ ಬಿಸಿಲಲ್ಲಿ ನಿಲ್ಲಿಸಿ ಸುಡಬೇಡ್ರಿ. ಕೋಟೆ ಬಾಗಿಲುಗಳ ನೆರಳು ಇರೋದೇ ಅದಕ್ಕೆ.

ಮುಂದಿನ ಸಾಲಲ್ಲಿ ಮೊಬೈಲ್ ಹಿಡಿದಿರೋ ತಮ್ಮಾ, ಆಗಿನಿಂದ ನೋಡ್ತಿದ್ದೀನಿ. ಅಲ್ಲಿಂದ ನನ್ನ ಗದ್ದ, ಮೂಗಿನ ಹೊಳ್ಳೆ ಬಿಟ್ಟು ಬೇರೇನೂ ಬರಲ್ಲ. ಎದ್ದು ಹಿಂದಕ್ಕೆ ಹೋಗಪ್ಪಾ.