ಎತ್ತಿಕೊಂಡರೆ ಅಳುವ ಮಗು

ಎಲ್ಲರಿಗೂ ನಮಸ್ಕಾರ. ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ಇಷ್ಟೊಂದು ಜನ ಬಂದಿದ್ದೀರಿ. ಮಕ್ಕಳನ್ನು ನನಗಿಂತ ಜಾಸ್ತಿ ನೋಡುವವರು ನೀವು. ಹಾಗಾಗಿ ವಿಟಮಿನ್ ಡಿ ಅಂದರೇನು ಅಂತ ಮೊದಲಿಂದ ಹೇಳಲ್ಲ. ಒಂದು ಮಗುವಿನ ಕಥೆ ಹೇಳುತ್ತೇನೆ.

ಒಂದೂವರೆ ವರ್ಷದ ಹೆಣ್ಣುಮಗು. ಅಜ್ಜಿ ಸೊಂಟದ ಮೇಲೆ ಕೂರಿಸಿಕೊಂಡು ಬಂದರು. “ಡಾಕ್ಟ್ರೇ, ಇದಕ್ಕೆ ವಿಪರೀತ ಹಠ. ಯಾರ ಹತ್ರಾನೂ ಹೋಗಲ್ಲ. ಎತ್ತಿಕೊಂಡ್ರೆ ಕಿರುಚುತ್ತೆ. ಇದರಪ್ಪನೂ ಚಿಕ್ಕೋನಿದ್ದಾಗ ಹಿಂಗೇ” ಅಂದರು. ಅಪ್ಪ ಪಕ್ಕದಲ್ಲೇ ನಿಂತಿದ್ದ, ನೆಲ ನೋಡುತ್ತಾ. ಮಗು ಇನ್ನೂ ಹೆಜ್ಜೆ ಇಟ್ಟಿರಲಿಲ್ಲ. ಅದರ ಕೈ ಹಿಡಿದು ನೋಡಿದೆ. ಮಣಿಕಟ್ಟು ಒಳಗೇ ಬಳೆ ತೊಟ್ಟ ಹಾಗೆ ದಪ್ಪಗಿತ್ತು. ನೆತ್ತಿ ಅಗಲವಾಗಿ ತೆರೆದೇ ಇತ್ತು. ಕಂಕುಳಿಗೆ ಕೈ ಕೊಟ್ಟು ಮೆಲ್ಲಗೆ ಎತ್ತಿದೆ, ಮುಖ ಕಿವುಚಿಕೊಂಡಿತು. ಹಠದ ಅಳು ಬೇರೆ, ನೋವಿನ ಅಳು ಬೇರೆ. ತಾಯಂದಿರಿಗೆ ಗೊತ್ತು. ಎಕ್ಸ್‌ರೇ ತೆಗೆಸಿದರೆ ರಿಕೆಟ್ಸ್, ಅಂದರೆ ವಿಟಮಿನ್ ಡಿ ಸಾಲದೆ ಮೂಳೆ ಮೆತ್ತಗಾಗುವ ಕಾಯಿಲೆ. ವಿಟಮಿನ್ ಡಿ, ಕ್ಯಾಲ್ಸಿಯಂ ಶುರು ಮಾಡಿದೆವು. ಕೆಲವು ವಾರ ಬಿಟ್ಟು ಬಂದಾಗ ಅದೇ ಮಗು ನನ್ನ ಸ್ಟೆತಾಸ್ಕೋಪ್ ಹಿಡಿದು ಎಳೆಯಿತು, ಬಿಡಲೇ ಇಲ್ಲ. “ಈಗ ನೋಡಿ ಡಾಕ್ಟ್ರೇ, ನಿಜವಾದ ಹಠ” ಅಂತ ಅಜ್ಜಿ ನಕ್ಕರು.

ನಾನು ಬಂದಿರುವುದು ಇದನ್ನು ಹೇಳೋಕೆ. ಸ್ವಭಾವವೇ ಹಂಗೆ ಅನ್ನುವ ಮೊದಲು ಮಗುವಿನ ಮೈ ನೋಡಿ. ಎತ್ತಿಕೊಂಡರೆ ನೋಯುತ್ತೆ ಅಂದರೆ, ಎತ್ತಿಕೊಳ್ಳುವವರನ್ನೇ ಕಂಡು ಮಗು ಹೆದರುತ್ತೆ. ಕಾಲಲ್ಲಿ ಬಲ ಇಲ್ಲದಿದ್ದರೆ ಇನ್ನೊಂದು ಮಗುವಿನ ಜೊತೆ ಆಡೋಕೆ ಹೋಗಲ್ಲ. ಧೈರ್ಯ, ಸಲುಗೆ ಬೆಳೆಯುವುದೇ ಆಟದಲ್ಲಿ, ಅಲ್ವಾ?

ಮಿದುಳಿಗೆ ನೇರವಾಗಿಯೂ ಸಂಬಂಧ ಇರಬಹುದು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2 ವಾರದ ಕೂಸುಗಳಿಗೆ ಶುರು ಮಾಡಿ 2 ವರ್ಷದವರೆಗೆ ಡಿ ಕೊಟ್ಟರು. ಕೆಲವರಿಗೆ ದಿನಕ್ಕೆ 400 ಯೂನಿಟ್, ಕೆಲವರಿಗೆ 1200. ಆ ಮಕ್ಕಳಲ್ಲಿ 346 ಜನರನ್ನು 6ರಿಂದ 8 ವರ್ಷದಲ್ಲಿ ಮತ್ತೆ ನೋಡಿದರು. ಅಂಜಿಕೆ, ಮಂಕು, ಒಳಗೊಳಗೇ ಕೊರಗುವುದು, ಇಂಥ ತೊಂದರೆ ಮೊದಲ ಗುಂಪಿನಲ್ಲಿ ಶೇ. 11.8, ಎರಡನೆಯದರಲ್ಲಿ ಶೇ. 5.6. 2023ರಲ್ಲಿ ಪ್ರಕಟವಾಯಿತು. ಸಿಟ್ಟು, ಹೊಡೆದಾಟದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದೊಂದೇ ಅಧ್ಯಯನ ನಂಬಿ ಯಾರೂ ಮನೆಯಲ್ಲಿ ಮೂರು ಪಟ್ಟು ಹಾಕಬೇಡಿ. ಡಿ ಜಾಸ್ತಿಯಾದರೆ ವಾಂತಿ, ಮಲಬದ್ಧತೆ, ಕಿಡ್ನಿಗೂ ಪೆಟ್ಟು.

ನಮ್ಮೂರಲ್ಲಿ ಇಷ್ಟು ಬಿಸಿಲಿದೆಯಲ್ಲ ಅಂತ ಕೇಳುತ್ತೀರಿ. ಬಿಸಿಲಿದೆ, ಕೂಸಿಗೆ ಸಿಗಲ್ಲ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿರುತ್ತೆ. ತೆಗೆದರೂ ಗಾಜಿರುತ್ತೆ, ಡಿ ಮಾಡುವ ಕಿರಣ ಗಾಜು ದಾಟಲ್ಲ. ಎಣ್ಣೆ ನೀರು ಹಾಕಿ ಎಳೆಬಿಸಿಲಿಗೆ ಹಿಡಿಯುತ್ತಾರೆ, ಅದರಲ್ಲಿ ಆ ಕಿರಣ ಬಹಳ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವಾಗಿನ ಬಿಸಿಲಲ್ಲಿ ಅದು ಚೆನ್ನಾಗಿರುತ್ತೆ. ಆ ಸುಡು ಬಿಸಿಲಿಗೆ ಕೂಸನ್ನು ಯಾರು ಹಿಡಿಯುತ್ತಾರೆ? ಹಿಡಿಯಲೂಬಾರದು. ಎದೆಹಾಲಿಗೆ ಸಮ ಇಲ್ಲ, ಆದರೆ ಡಿ ಮಾತ್ರ ಅದರಲ್ಲಿ ತೀರಾ ಕಡಿಮೆ. ಅದಕ್ಕೇ ಡ್ರಾಪ್ಸ್.

ಚೀಟಿ ಬಂತು, ಸಮಯ ಮುಗಿಯಿತಂತೆ. ಬಸುರಿಯರ ವಿಷಯ ಇನ್ನೊಮ್ಮೆ ಮಾತಾಡೋಣ. ಒಂದೇ ಒಂದು ಮಾತು. ಹುಟ್ಟಿದ ಕೆಲವೇ ದಿನದಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್. ಎರಡು ಬಾಟಲಿ ತಂದಿದ್ದೇನೆ. ಇದರಲ್ಲಿ 1 ಎಂಎಲ್‌ಗೆ 400, ಇದರಲ್ಲಿ 800. ಡ್ರಾಪರ್ ನೋಡೋಕೆ ಒಂದೇ ಥರ. ಕೈಯಿಂದ ಕೈಗೆ ದಾಟಿಸಿ, ಲೇಬಲ್ ಓದಿ, ಅರ್ಧ ಎಂಎಲ್ ಗೆರೆ ಎಲ್ಲಿದೆ ಅಂತ ಪಕ್ಕದವರಿಗೆ ತೋರಿಸಿ.