ಕೋಟೆ ಕಾಯಲು ಉಳಿದವನು

ಕೇಳುಗರಿಗೆ ನಮಸ್ಕಾರ.

ಯುದ್ಧಕ್ಕೆ ಹೊರಟ ಒಂದು ಸಣ್ಣ ದಂಡು. ನಾಯಕ ಸಿಗುರ್ಡ್ ಕುದುರೆಯ ಮೇಲಿದ್ದಾನೆ, ಜೊತೆಗಾರರೂ ಕುದುರೆ ಏರಿದ್ದಾರೆ. ಅವರ ನಡುವೆ ಮೈತುಂಬ ಕಬ್ಬಿಣದ ಕವಚ ತೊಟ್ಟ ಒಬ್ಬ ಕಾಲಾಳು, ಹೆಸರು ಆರ್ಡೆನ್. ಹೊರಡುವ ಮುನ್ನ ನಾಯಕ ಅವನತ್ತ ತಿರುಗಿ, ನೀನು ಇಲ್ಲೇ ಇದ್ದು ಕೋಟೆ ಕಾಯಬೇಕು ಅನ್ನುತ್ತಾನೆ. ಆರ್ಡೆನ್ ಬೇಸರಪಟ್ಟುಕೊಂಡೇ ಒಪ್ಪುತ್ತಾನೆ.

1996ರಲ್ಲಿ ಜಪಾನಿನಲ್ಲಿ ಸೂಪರ್ ಫ್ಯಾಮಿಕಾಮ್ ಎಂಬ ಆಟದ ಯಂತ್ರಕ್ಕೆ ಬಂದ, ಫೈರ್ ಎಂಬ್ಲಂ ಎಂಬ ವಿಡಿಯೋ ಗೇಮ್ ಮಾಲೆಯ ನಾಲ್ಕನೆಯ ಆಟ, ಜೀನಿಯಾಲಜಿ ಆಫ್ ದ ಹೋಲಿ ವಾರ್, ಶುರುವಾಗುವುದು ಹೀಗೆ. ಈ ಮಾಲೆಯ ಅಭಿಮಾನಿಗಳ ನಡುವೆ ಆರ್ಡೆನ್ ಹೆಸರೆತ್ತಿದರೆ ಸಾಕು, ನಗು ಏಳುತ್ತದೆ. ನಿಧಾನದವನು, ಯಾವ ಕೆಲಸಕ್ಕೂ ಒದಗದವನು, ಬಾಗಿಲಲ್ಲಿ ನಿಲ್ಲಿಸಿ ಮರೆತುಬಿಡಬೇಕಾದವನು ಅಂತ. ಆ ನಗುವಿನ ಹಿಂದೆ ಒಂದು ಲೆಕ್ಕವಿದೆ. ನಾವು ಯಾರನ್ನು ದುರ್ಬಲರು ಅನ್ನುತ್ತೇವೆ, ಅವರನ್ನು ಹಾಗೆ ಮಾಡಿದ್ದು ಏನು, ನಾವು ಬೈಯುವ ಕೆಲವು ವಿಚಿತ್ರ ನಿಯಮಗಳೇ ಅವರ ಕೈಹಿಡಿಯುವುದು ಹೇಗೆ ಎಂಬುದು ನನ್ನನ್ನು ವರ್ಷಗಳಿಂದ ಕಾಡಿದೆ. ಇವತ್ತು ಅದನ್ನೇ ನಿಮ್ಮ ಮುಂದಿಡುತ್ತೇನೆ.

ಇಂಥ ಆಟ ಆಡದ ಕೇಳುಗರಿಗಾಗಿ ಎರಡು ಮಾತು. ಟ್ಯಾಕ್ಟಿಕಲ್ ರೋಲ್ ಪ್ಲೇಯಿಂಗ್ ಆಟವೆಂದರೆ ಚದುರಂಗದ ಹಾಸಿನಂತೆ ಮನೆಮನೆಯಾಗಿ ಹಂಚಿದ ರಣರಂಗ. ನಮ್ಮ ಸರದಿಯಲ್ಲಿ ನಮ್ಮ ಕಾಯಿ ನಡೆಸುತ್ತೇವೆ, ಆಮೇಲೆ ಎದುರಾಳಿಯ ಸರದಿ. ಇಲ್ಲಿ ಪ್ರತಿ ಕಾಯಿಗೂ ಹೆಸರಿದೆ, ಮುಖವಿದೆ, ಹಿಂದಿನ ಕಥೆಯಿದೆ. ಹೋರಾಡಿದಷ್ಟೂ ಅನುಭವ ಗಳಿಸಿ ಲೆವೆಲ್ ಏರುತ್ತಾರೆ. ಫೈರ್ ಎಂಬ್ಲಂನ ಹಳೆಯ ಆಟಗಳಲ್ಲಿ ಸತ್ತವರು ಸತ್ತಂತೆಯೇ. ಬಿದ್ದವರು ಮುಂದಿನ ಅಧ್ಯಾಯಕ್ಕೆ ಮರಳಿ ಬರುವ ಕ್ಯಾಶುವಲ್ ಮೋಡ್ ಈ ಮಾಲೆಯಲ್ಲಿ ಕಾಣಿಸಿಕೊಂಡದ್ದು 2010ರಲ್ಲಿ.

ಈಗ ಆರ್ಡೆನ್‌ನ ಜಾತಕ ನೋಡೋಣ. ಅವನ ತೋಳಿನಲ್ಲಿ ಬಲವಿದೆ, ಕವಚ ಗಟ್ಟಿಯಾಗಿದೆ. ಹಾಗಾದರೆ ತೊಂದರೆ ಎಲ್ಲಿದೆ? ನಕ್ಷೆಯಲ್ಲಿದೆ. ಈ ಆಟದ ಒಂದೊಂದು ನಕ್ಷೆಯೂ ಒಂದು ನಾಡಿನಷ್ಟು ವಿಶಾಲ. ಕವಚದ ಕಾಲಾಳು ಒಂದು ಸರದಿಗೆ 5 ಮನೆ ನಡೆಯುತ್ತಾನೆ, ಕುದುರೆಯವರು 8 ಮನೆ ದಾಟುತ್ತಾರೆ. ಹತ್ತು ಸರದಿ ಕಳೆಯುವಷ್ಟರಲ್ಲಿ ಅವನು 30 ಮನೆ ಹಿಂದೆ ಬಿದ್ದಿರುತ್ತಾನೆ. ಅವನು ತಲುಪುವ ಹೊತ್ತಿಗೆ ಕಾಳಗ ಮುಗಿದಿರುತ್ತದೆ. ಕಾಳಗ ಸಿಗದವನಿಗೆ ಅನುಭವವಿಲ್ಲ, ಅನುಭವವಿಲ್ಲದವನಿಗೆ ಲೆವೆಲ್ ಇಲ್ಲ, ಮುಂದಿನ ನಕ್ಷೆಯಲ್ಲಿ ಅವನು ಇನ್ನೂ ಹಿಂದೆ. ಸಾಲದ್ದಕ್ಕೆ, ಈ ಆಟದಲ್ಲಿ ಒಂದೇ ಕಾಳಗದಲ್ಲಿ ಎರಡು ಸಲ ಹೊಡೆಯಬೇಕಾದರೆ ವೇಗವೊಂದೇ ಸಾಲದು, ಪರ್ಸೂಟ್ ಎಂಬ ವಿದ್ಯೆಯೂ ಬೇಕು. ಆರ್ಡೆನ್‌ಗೆ ಆ ವಿದ್ಯೆ ಇಲ್ಲ. ಇದೇ ಮನುಷ್ಯನನ್ನು ಕಿರಿದಾದ ಓಣಿಗಳ, ಇಕ್ಕಟ್ಟಿನ ಕೋಟೆಗಳ ಆಟವೊಂದರಲ್ಲಿ ನಿಲ್ಲಿಸಿ ನೋಡಿ, ಬಾಗಿಲಿಗೆ ಅಡ್ಡ ನಿಂತು ಇಡೀ ದಂಡನ್ನು ಉಳಿಸುತ್ತಾನೆ.

ಅಭಿಮಾನಿಗಳ ಮಾತಿನಲ್ಲಿ ಎರಡು ಪದ ಪದೇಪದೇ ಕೇಳುತ್ತೇವೆ, ಜೇಗನ್ ಮತ್ತು ಎಸ್ಟ್. ಇವೆರಡೂ 1990ರ ಮೊದಲ ಫೈರ್ ಎಂಬ್ಲಂನ ಪಾತ್ರಗಳ ಹೆಸರು, ಈಗ ಜಾತಿವಾಚಕವಾಗಿಬಿಟ್ಟಿವೆ. ಜೇಗನ್ ಅಂದರೆ ಆರಂಭದಲ್ಲೇ ಜೊತೆಗಿರುವ ಬಲಶಾಲಿ ಹಿರಿಯ, ಮುಂದೆ ಹೆಚ್ಚು ಬೆಳೆಯದವನು. ಎಸ್ಟ್ ಅಂದರೆ ಆಟ ಮುಗಿಯುತ್ತ ಬಂದಾಗ ಕೈಗೆ ಸಿಗುವ ಎಳೆಯ ಪಾತ್ರ. ಬೆಳೆಸಿದರೆ ಚಿನ್ನ, ಆದರೆ ಬೆಳೆಸಲು ಹೊತ್ತೇ ಉಳಿದಿರುವುದಿಲ್ಲ. ಇದೇ ಮಾಲೆಯ 2003ರ ಆಟ ಬ್ಲೇಜಿಂಗ್ ಬ್ಲೇಡ್‌ನ ನೀನೋ ಈ ಎರಡನೆಯ ಜಾತಿಯವಳು. ಉಳಿದವರೆಲ್ಲ ಪ್ರಮೋಷನ್ ಪಡೆದು ಪಳಗಿರುವ ಹೊತ್ತಿನಲ್ಲಿ ಈ ಪುಟ್ಟ ಮಂತ್ರವಾದಿನಿ ಲೆವೆಲ್ 5ರಲ್ಲಿ ಬಂದು ಸೇರುತ್ತಾಳೆ. ಶತ್ರುವಿನ ಒಂದೆರಡು ಏಟಿಗೆ ಉಳಿಯುವುದಿಲ್ಲ. ಅವಳನ್ನು ಮೊದಲ ಸಲ ಬೆಳೆಸಿದ್ದು ನನಗೆ ಚೆನ್ನಾಗಿ ನೆನಪಿದೆ. ಮೂವರು ಸೇರಿ ಶತ್ರುವನ್ನು ಸಾಯುವ ಅಂಚಿಗೆ ತರಬೇಕು, ಕೊನೆಯ ಏಟನ್ನು ಅವಳಿಗೆ ಬಿಡಬೇಕು, ಮತ್ತೆ ಎಲ್ಲರೂ ಅವಳ ಸುತ್ತ ಗೋಡೆಯಾಗಿ ನಿಲ್ಲಬೇಕು. ಒಬ್ಬಳ ಲೆವೆಲ್‌ಗಾಗಿ ನಾಲ್ವರ ಸರದಿ. ಗೆಲುವಿನ ಲೆಕ್ಕದಲ್ಲಿ ಇದು ನಷ್ಟವೇ. ಆದರೆ ತಾಯಿಯೆಂದು ನಂಬಿದವಳಿಂದಲೇ ಮೋಸಹೋಗಿ ಬಂದ ಹುಡುಗಿಯನ್ನು ಹೀಗೆ ಸುತ್ತುವರಿದು ಕಾಯುವುದು ಆ ಕಥೆಗೆ ಎಷ್ಟು ಸರಿಯಾಗಿ ಕೂಡುತ್ತದೆ! ನೀನೋಳ ದೌರ್ಬಲ್ಯಕ್ಕೆ ಕಥೆಯಲ್ಲಿ ಕಾರಣವಿದೆ, ಅದಕ್ಕೇ ಅವಳ ಮೇಲೆ ಯಾರಿಗೂ ಸಿಟ್ಟಿಲ್ಲ.

2002ರ ಬೈಂಡಿಂಗ್ ಬ್ಲೇಡ್‌ನ ವೆಂಡಿಯ ಪಾಡು ಬೇರೆ. 8ನೇ ಅಧ್ಯಾಯದಲ್ಲಿ ಲೆವೆಲ್ 1ರಲ್ಲಿ ಬರುವ ಕವಚಧಾರಿ ಹುಡುಗಿ ಅವಳು. ನಿಧಾನ, ಗುರಿ ತಪ್ಪುವ ಕೈ, ಕವಚವಿದ್ದೂ ಅಂಥ ಗಟ್ಟಿಯಲ್ಲದ ಮೈ. ಅವಳಿಗೆ ಕೊಟ್ಟ ಹೊತ್ತನ್ನು ಬೇರೆ ಯಾರಿಗೆ ಕೊಟ್ಟರೂ ಹೆಚ್ಚು ಫಲ ಸಿಗುತ್ತದೆ ಅನ್ನುವವರ ಮಾತನ್ನು ನಾನು ಅಲ್ಲಗಳೆಯಲಾರೆ. ಆದರೂ ವೆಂಡಿ ನನ್ನ ಆಟದಲ್ಲಿ ಅದ್ಭುತವಾಗಿ ಬೆಳೆದಳು ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ.

ಇಲ್ಲಿ ಸ್ವಲ್ಪ ಗಣಿತಕ್ಕೆ ಇಳಿಯಬೇಕು, ಏಕೆಂದರೆ ಅಭಿಮಾನಿಗಳ ಅರ್ಧಕ್ಕರ್ಧ ಜಗಳದ ಬೇರು ಇಲ್ಲಿದೆ. ಫೈರ್ ಎಂಬ್ಲಂನಲ್ಲಿ ಲೆವೆಲ್ ಏರಿದಾಗ ಬಲ, ವೇಗ, ರಕ್ಷಣೆ ತಾವಾಗಿ ಏರುವುದಿಲ್ಲ. ಒಂದೊಂದಕ್ಕೂ ಒಂದು ಗ್ರೋಥ್ ರೇಟ್, ಅಂದರೆ ಒಂದು ಅಂಕ ಏರುವ ಸಾಧ್ಯತೆ ಇದೆ, ಪ್ರತಿ ಸಲ ಗರ ಬೀಳಬೇಕು. ಒಬ್ಬರ ವೇಗದ ಗ್ರೋಥ್ ಶೇಕಡಾ 40 ಅಂದುಕೊಳ್ಳಿ. ಹತ್ತು ಲೆವೆಲ್ ಏರಿದರೆ ಸರಾಸರಿ 4 ಅಂಕ ಹೆಚ್ಚಬೇಕು. ಲೆಕ್ಕ ಹಾಕಿ ನೋಡಿದರೆ ಸುಮಾರು ಆರು ಆಟಗಾರರಲ್ಲಿ ಒಬ್ಬರಿಗೆ 2 ಅಥವಾ ಅದಕ್ಕಿಂತ ಕಡಿಮೆ ಸಿಗುತ್ತದೆ, ಇನ್ನೊಬ್ಬರಿಗೆ 6 ಅಥವಾ ಅದಕ್ಕಿಂತ ಹೆಚ್ಚು. ಆ ಕಾಲದ ಆಟಗಳಲ್ಲಿ ವೇಗ ಎದುರಾಳಿಗಿಂತ 4 ಹೆಚ್ಚಿದ್ದರೆ ಎರಡು ಏಟು, ಇಲ್ಲದಿದ್ದರೆ ಒಂದೇ ಏಟು. ಅಂದರೆ ಒಂದೇ ಹೆಸರಿನ, ಒಂದೇ ಮುಖದ ಪಾತ್ರ ಒಬ್ಬರ ಆಟದಲ್ಲಿ ಎರಡು ಸಲ ಹೊಡೆಯುವ ವೀರಳು, ಇನ್ನೊಬ್ಬರ ಆಟದಲ್ಲಿ ಎರಡು ಏಟು ತಿನ್ನುವ ಹೊರೆ. ಇವರಿಬ್ಬರೂ ಎದುರುಬದುರು ಕೂತು ವಾದ ಮಾಡಿದರೆ ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಪಾತ್ರಗಳನ್ನು ಮೇಲಿಂದ ಕೆಳಕ್ಕೆ ಜೋಡಿಸುವ ಟಿಯರ್ ಲಿಸ್ಟ್‌ಗಳು ಸರಾಸರಿಯನ್ನೇ ನಂಬುತ್ತವೆ, ನಂಬಬೇಕಾದದ್ದೂ ನ್ಯಾಯ. ಆದರೆ ಸರಾಸರಿ ವೆಂಡಿಯನ್ನು ಯಾರೂ ಆಡಿಲ್ಲ. ಪ್ರತಿಯೊಬ್ಬರೂ ಆಡಿದ್ದು ತಮಗೆ ಬಿದ್ದ ವೆಂಡಿಯನ್ನು.

ಇದಕ್ಕಿಂತ ಗುಟ್ಟಾದ ನಿಯಮ ಇನ್ನೊಂದಿದೆ. ಬೈಂಡಿಂಗ್ ಬ್ಲೇಡ್‌ನಿಂದ ಮುಂದೆ ಈ ಮಾಲೆಯ ಹಲವು ಆಟಗಳಲ್ಲಿ ಏಟು ತಗಲುವ ಸಾಧ್ಯತೆ ಪರದೆಯಲ್ಲಿ ತೋರಿಸಿದಂತೆ ಇರುವುದಿಲ್ಲ. ಯಂತ್ರ ಒಂದರ ಬದಲು ಎರಡು ಸಂಖ್ಯೆ ತೆಗೆದು ಅವುಗಳ ಸರಾಸರಿಯನ್ನು ಹೋಲಿಸುತ್ತದೆ. ಇದರಿಂದ 90 ಎಂದು ತೋರಿಸಿದ್ದು ನಿಜದಲ್ಲಿ ಸುಮಾರು 98, 70 ಎಂದದ್ದು ಸುಮಾರು 82. ಅದೇ ರೀತಿ 30 ಎಂದದ್ದು 18ರ ಹತ್ತಿರಕ್ಕೆ ಇಳಿಯುತ್ತದೆ. ಮನುಷ್ಯರಿಗೆ ಶೇಕಡಾ 90 ಅಂದರೆ ತಗಲಿಯೇ ತಗಲುತ್ತದೆ ಎಂದೇ ಅನಿಸುವುದರಿಂದ, ಈ ಏರ್ಪಾಡು ಆಟವನ್ನು ಹಿತವಾಗಿಸುತ್ತದೆ ಎಂದು ಬಹಳ ಜನ ಮೆಚ್ಚುತ್ತಾರೆ. ನನಗೂ ಅದು ಹಿತವೇ. ಆದರೆ ಇದರ ಬೆಲೆ ತೆತ್ತವರು ಯಾರು ಎಂದು ಕೇಳಿಕೊಂಡಿದ್ದೀರಾ? ಏಟು ತಪ್ಪಿಸಿಕೊಂಡು ಬದುಕುವ ಚುರುಕು ಕತ್ತಿಯವರ ಮೇಲೆ ಶತ್ರುವಿನ 30 ಸದ್ದಿಲ್ಲದೆ 18 ಆಗುತ್ತದೆ, ಅವರು ಮುಟ್ಟಲಾಗದವರಾಗುತ್ತಾರೆ. ಏಟು ತಿಂದೇ ನಿಲ್ಲಬೇಕಾದ ಕವಚದವರ ಮೇಲೆ 70 ಇದ್ದದ್ದು 82 ಆಗುತ್ತದೆ. ಪರದೆಯ ಮೇಲೆ ಎಲ್ಲೂ ಬರೆಯದ ಒಂದು ಸೂತ್ರ ವೆಂಡಿಯನ್ನು ಇನ್ನೊಂದು ಮೆಟ್ಟಿಲು ಕೆಳಗೆ ತಳ್ಳಿತು. ಆಮೇಲೆ ನಾವು ಅವಳನ್ನೇ ಕೆಲಸಕ್ಕೆ ಬಾರದವಳು ಅಂದೆವು.

ಇನ್ನು ಇದೇ ಬಗೆಯ, ಆದರೆ ಬೇರೆ ಮಾಲೆಯ ಆಟ, 1997ರ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್. ಇಲ್ಲಿ ನನ್ನ ದೂರು ಗಟ್ಟಿಯಾಗಿಯೇ ಇದೆ. ರಾಫಾ ಮತ್ತು ಅವಳ ಅಣ್ಣ ಮಲಾಕ್ ಒಂದು ಅಪೂರ್ವ ವಿದ್ಯೆ ಬಲ್ಲ ಕುಲದವರು. ಆ ವಿದ್ಯೆಯ ಆಸೆಗೆ ಒಬ್ಬ ಪ್ರಭು ಅವರ ಹಳ್ಳಿಯನ್ನೇ ಸುಡಿಸಿದ ಎಂದು ಕಥೆ ಹೇಳುತ್ತದೆ. ರಾಫಾ ನಮ್ಮ ದಂಡಿಗೆ ಸೇರಿ ಆ ವಿದ್ಯೆಯನ್ನು ಪ್ರಯೋಗಿಸಿದಾಗ ಆಗುವುದೇನು? ಆರಿಸಿದ ಜಾಗದ ಸುತ್ತಲಿನ ಮನೆಗಳಲ್ಲಿ ಎಲ್ಲೋ ಒಂದರ ಮೇಲೆ, ಎಷ್ಟೋ ಸಲ, ದಾಳ ಬಿದ್ದಂತೆ ಪೆಟ್ಟು ಬೀಳುತ್ತದೆ. ಬಹಳ ಸಲ ಅದು ಬೀಳುವುದು ಖಾಲಿ ನೆಲಕ್ಕೆ. ಊರು ಸುಟ್ಟು ಕಸಿಯುವಂಥ ವಿದ್ಯೆ ಹುಲ್ಲಿಗೆ ಹೊಡೆಯುತ್ತದೆ! ಕಥೆ ಒಂದು ಹೇಳಿ ಹಾಸು ಇನ್ನೊಂದು ಹೇಳಿದಾಗ ಆಟಗಾರ ನಂಬುವುದು ಹಾಸನ್ನು. ಆ ಹುಡುಗಿಯ ದುಃಖದ ತೂಕವನ್ನು ಒಂದು ಕೆಟ್ಟ ನಿಯಮ ಕರಗಿಸಿಬಿಟ್ಟಿತು. ಅದೇ ಆಟದ ಕ್ಲೌಡ್ ಕೂಡ ದುರ್ಬಲನೇ. ಬೇರೆ ಲೋಕದಿಂದ ದಿಕ್ಕುತಪ್ಪಿ ಬಂದವನು ಲೆವೆಲ್ 1ರಲ್ಲಿ ಸಿಗುತ್ತಾನೆ. ಒಂದು ಜ್ವಾಲಾಮುಖಿಯ ತುದಿಯಲ್ಲಿ ಬಚ್ಚಿಟ್ಟ ಕತ್ತಿ ಹುಡುಕಿ ಕೊಡುವವರೆಗೆ ಅವನ ವಿಶೇಷ ಏಟುಗಳು ನಡೆಯುವುದೇ ಇಲ್ಲ. ಕತ್ತಿ ಸಿಕ್ಕ ಮೇಲೂ ದೊಡ್ಡ ಏಟುಗಳಿಗೆ ಬಹಳ ಹೊತ್ತು ಕಾಯಬೇಕು. ಆದರೆ ಅವನು ಈ ಲೋಕದವನಲ್ಲ, ತಡಬಡಾಯಿಸುವುದು ಸಹಜ. ಅವನ ದೌರ್ಬಲ್ಯವನ್ನು ಒಪ್ಪಿಕೊಂಡೆ, ರಾಫಾಳದ್ದನ್ನು ಇವತ್ತಿಗೂ ಒಪ್ಪಿಲ್ಲ.

ಈ ಆಟದಲ್ಲಿ ಒಂದು ಕಾಳಗಕ್ಕೆ ಹೆಚ್ಚೆಂದರೆ 5 ಜನ ಇಳಿಯಬಹುದು, ಒಂದು ಜಾಗ ನಾಯಕ ರಾಮ್ಜಾನದ್ದು. ಉಳಿದ ನಾಲ್ಕು ಜಾಗಗಳಲ್ಲಿ ಒಂದನ್ನು ನಾಲ್ಕನೆಯ ಅಧ್ಯಾಯದಲ್ಲಿ ಬರುವ ಆರ್ಲಾಂಡೋ ಎಂಬ ಮುದುಕ ಹಿಡಿದುಬಿಡುತ್ತಾನೆ, ಏಕೆಂದರೆ ಬೇರೆಬೇರೆ ಕತ್ತಿಯವರ ವಿದ್ಯೆಗಳೆಲ್ಲ ಅವನೊಬ್ಬನ ಕೈಯಲ್ಲಿವೆ. ಅಲ್ಲಿಯವರೆಗೆ ಪ್ರೀತಿಯಿಂದ ಬೆಳೆಸಿದ ಒಬ್ಬರು ಅವತ್ತಿನಿಂದ ಮೂಲೆಗೆ. ಅವನು ಬರುವ ಮುನ್ನ ಅವರು ದುರ್ಬಲರಾಗಿರಲಿಲ್ಲ.

ಮೂಲೆಗೆ ಸರಿದವರನ್ನು ಮತ್ತೆ ಕಣಕ್ಕೆ ಕರೆತರುವುದು ಹೇಗೆ? ನನಗೆ ತಿಳಿದಂತೆ ಎರಡು ಆಟಗಳು ಇದಕ್ಕೆ ಉತ್ತರ ಕೊಟ್ಟವು, ಎರಡೂ ಉತ್ತರಗಳನ್ನು ಅಭಿಮಾನಿಗಳು ಬೈದರು.

ಮೊದಲನೆಯದು ಫೈರ್ ಎಂಬ್ಲಂ ಮಾಲೆಯ 1999ರ ಥ್ರೇಸಿಯಾ 776. ಇಲ್ಲಿ ಆಯಾಸದ ಲೆಕ್ಕವಿದೆ. ಕಾದಿದಷ್ಟೂ ಆಯಾಸ ಏರುತ್ತದೆ. ಅದು ಜೀವದ ಅಂಕವನ್ನು ಮುಟ್ಟಿದರೆ ಆ ಪಾತ್ರ ಮುಂದಿನ ಅಧ್ಯಾಯದಲ್ಲಿ ಇಳಿಯುವಂತಿಲ್ಲ. ನಾಯಕ ಲೀಫ್‌ಗೆ ಮಾತ್ರ ವಿನಾಯಿತಿ. ಅಚ್ಚುಮೆಚ್ಚಿನವರನ್ನು ಕಸಿದುಕೊಳ್ಳುವ ನಿಯಮ ಎಂದು ಬಹಳ ಜನಕ್ಕೆ ಕೋಪ. ನನಗೂ ಮೊದಲು ಕೋಪ ಬಂದಿತ್ತು. ಆದರೆ ಅದೇ ನಿಯಮದಿಂದಾಗಿ ನಾನು ಹೆಸರೂ ಸರಿಯಾಗಿ ನೆನಪಿಟ್ಟುಕೊಳ್ಳದವರನ್ನು ಕಣಕ್ಕಿಳಿಸಿದೆ. ಈ ಆಟದಲ್ಲಿ ಹಣಕ್ಕೆ ಬರ, ಆಯುಧ ಬೇಕಾದರೆ ಶತ್ರುವನ್ನು ಸೆರೆಹಿಡಿದು ಕಸಿಯಬೇಕು. ಸೆರೆಹಿಡಿಯುವವನ ಮೈಕಟ್ಟು ಶತ್ರುವಿನದಕ್ಕಿಂತ ದೊಡ್ಡದಿರಬೇಕು. ಮಾರ್ಟಿ ಎಂಬ ಕೊಡಲಿಯವನನ್ನು ಎಲ್ಲರೂ ಪಟ್ಟಿಯ ತಳಕ್ಕೆ ಹಾಕುತ್ತಾರೆ. ವೇಗವಿಲ್ಲ, ಗುರಿಯಿಲ್ಲ. ಆದರೆ ಮೈ ಮಾತ್ರ ಆನೆಯಂಥದ್ದು. ಬೇರೆಯವರು ಹೊಡೆದು ನಿತ್ರಾಣ ಮಾಡಿದ ಶತ್ರುವನ್ನು ಅವನು ಹೆಗಲಿಗೆ ಹಾಕಿಕೊಂಡು ಬಂದಾಗ, ದಂಡಿಗೆ ಕತ್ತಿ ಈಟಿಗಳನ್ನು ಒದಗಿಸಿದವನು ಅವನೇ ಆಗಿದ್ದ.

ಎರಡನೆಯದು 2003ರ ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಅಡ್ವಾನ್ಸ್. ಕಾಳಗದಲ್ಲಿ ಒಬ್ಬ ನ್ಯಾಯಾಧೀಶ ನಿಂತಿರುತ್ತಾನೆ. ಇವತ್ತು ಬೆಂಕಿ ಬಳಸುವಂತಿಲ್ಲ, ನಾಳೆ ಕತ್ತಿ ಬಳಸುವಂತಿಲ್ಲ, ಹೀಗೆ ಕಾನೂನು ದಿನದಿನಕ್ಕೆ ಬದಲಾಗುತ್ತದೆ. ಮುರಿದರೆ ಹಳದಿ ಕಾರ್ಡು, ಮಿತಿಮೀರಿದರೆ ಕೆಂಪು ಕಾರ್ಡು ಮತ್ತು ಸೆರೆಮನೆ. ನಾಯಕ ಮಾರ್ಷ್‌ಗೆ ಕೆಂಪು ಕಾರ್ಡು ಬಿದ್ದರೆ ಆಟವೇ ಮುಗಿಯಿತು. ಇಷ್ಟು ಬೈಗುಳ ತಿಂದ ನಿಯಮ ಈ ಬಗೆಯ ಆಟಗಳಲ್ಲಿ ಇನ್ನೊಂದಿಲ್ಲ ಅನಿಸುತ್ತದೆ. ಕೆಲವು ದಿನದ ಕಾನೂನುಗಳಿಗೆ ತಲೆಬುಡವಿಲ್ಲ, ನಿಜ. ಆದರೆ ಕತ್ತಿ ನಿಷೇಧವಾದ ದಿನ ನಿಮ್ಮ ಅತಿ ಬಲಶಾಲಿ ಕೈಕಟ್ಟಿ ಕೂರುತ್ತಾನೆ, ತಿಂಗಳುಗಟ್ಟಲೆ ಕೂತಿದ್ದ ಬಿಲ್ಲುಗಾರ ಎದ್ದು ಬರುತ್ತಾನೆ. ಕಾನೂನಿಲ್ಲದ ನೆಲವೂ ಈ ಆಟದಲ್ಲಿದೆ, ಹೆಸರು ಜಗ್ಡ್. ಅಲ್ಲಿ ಏನು ಬೇಕಾದರೂ ಮಾಡಬಹುದು, ಆದರೆ ಕಾಳಗ ಮುಗಿಯುವಾಗ ಅಲ್ಲಿ ಬಿದ್ದೇ ಇದ್ದವರು ಮತ್ತೆ ಏಳುವುದಿಲ್ಲ. ಕಾನೂನನ್ನು ಶಪಿಸುತ್ತ ಆಡಿದ ನಾನು ಆ ನೆಲಕ್ಕೆ ಕಾಲಿಟ್ಟಾಗ ನ್ಯಾಯಾಧೀಶನನ್ನು ಹುಡುಕಿದ್ದುಂಟು.

ಮತ್ತೆ ಆರ್ಡೆನ್ ಹತ್ತಿರ ಹೋಗೋಣ. ಅವನ ಆಟದಲ್ಲೂ ಒಂದು ವಿಚಿತ್ರ ನಿಯಮವಿದೆ. ಜೊತೆಗಾರರು ಒಬ್ಬರಿಗೊಬ್ಬರು ವಸ್ತು ಕೊಡುವಂತಿಲ್ಲ. ಪ್ರತಿಯೊಬ್ಬರ ಹಣ ಬೇರೆ, ಗಂಟು ಬೇರೆ. ನಿನ್ನ ಉಂಗುರ ನನಗೆ ಬೇಕಾದರೆ ನೀನು ಅಂಗಡಿಗೆ ಮಾರಬೇಕು, ನಾನು ನನ್ನ ಹಣ ಕೊಟ್ಟು ಕೊಳ್ಳಬೇಕು. ಒಂದೇ ದಂಡಿನಲ್ಲಿ ಇದೆಂಥ ವ್ಯಾಪಾರ ಎಂದು ಸಿಡುಕದ ಆಟಗಾರರಿಲ್ಲ.

ಎರಡನೆಯ ಅಧ್ಯಾಯದಲ್ಲಿ, ದಾರಿಯಿಂದ ದೂರ, ನಕ್ಷೆಯ ನೀರಿನಂಚಿನ ಒಂದು ಚೌಕದಲ್ಲಿ ಗುಟ್ಟೊಂದು ಅಡಗಿದೆ. ಬೇರೆ ಯಾರು ಹೋಗಿ ನಿಂತರೂ ಏನೂ ಆಗುವುದಿಲ್ಲ. ಆರ್ಡೆನ್ ಹೋಗಿ ನಿಂತರೆ ಅವನಿಗೆ ಪರ್ಸೂಟ್ ಉಂಗುರ ಸಿಗುತ್ತದೆ. ಅವನಿಗೆ ಇಲ್ಲದ ಆ ಒಂದು ವಿದ್ಯೆಯೇ ಉಂಗುರವಾಗಿ ಸಿಗುತ್ತದೆ. ಆಟ ಬರೆದವರು ಅವನನ್ನು ಮರೆತಿರಲಿಲ್ಲ. ಅಲ್ಲಿಗೆ ನಡೆಸಿಕೊಂಡು ಹೋಗಲು ಸರದಿಗಳು ಬೇಕು, ದಂಡು ಮುಂದೆ ಹೋಗಿರುತ್ತದೆ, ತಾಳ್ಮೆ ಬೇಕು. ಪಳಗಿದ ಆಟಗಾರರು ಅವನಿಂದ ಉಂಗುರ ತರಿಸಿ, ಅಂಗಡಿಗೆ ಮಾರಿಸಿ, ಚುರುಕಾದವರ ಕೈಯಲ್ಲಿ ಕೊಳ್ಳಿಸುತ್ತಾರೆ. ಗೆಲ್ಲುವ ದಾರಿ ಅದೇ, ನನಗೆ ಗೊತ್ತು.

ನನ್ನ ಆಟದಲ್ಲಿ ಆ ಉಂಗುರ ಆರ್ಡೆನ್‌ನ ಬೆರಳಲ್ಲೇ ಇದೆ.

ನಮಸ್ಕಾರ.